ಜಟಾಯುವಿನ ಊರಿನಿಂದ ಜಗದ ಆಚೆ ಬದಿಗೆ

ಹಿಂದೂಪುರದಿಂದ ಪೂರ್ವಕ್ಕೆ ಸುಮಾರು 15 ಕಿ.ಮೀ. ಸಾಗಿದರೆ ಲೇಪಾಕ್ಷಿ. ರಾವಣನ ಕತ್ತಿಗೆ ರೆಕ್ಕೆ ಕಳೆದುಕೊಂಡ ಜಟಾಯು ಬಿದ್ದದ್ದು ಇಲ್ಲಿಯೇ ಎಂದೂ, ಶ್ರೀರಾಮನು ‘ಲೇ ಪಕ್ಷಿ’ ಎಂದು ಕರೆದದ್ದರಿಂದ ಊರಿಗೆ ಈ ಹೆಸರು ಬಂದಿತೆಂದೂ ಸ್ಥಳಪುರಾಣ ಹೇಳುತ್ತದೆ. ತೆಲುಗಿನಲ್ಲಿ ‘ಲೇ’ ಎಂದರೆ ಏಳು ಎಂದರ್ಥ.

ಹಕ್ಕಿ ಬಿದ್ದ ಊರಿನ ಮಕ್ಕಳು ಇಂದು ಹಾರಿ ಹೋಗುವವರಾಗಿದ್ದಾರೆ. ಚಿಲಮತ್ತೂರು, ಕೊಡಿಕೊಂಡ ದಾಟಿ ಹೆದ್ದಾರಿ ಹಿಡಿದರೆ ಬಾಗೇಪಲ್ಲಿ, ಚಿಕ್ಕಬಳ್ಳಾಪುರ. ಆಮೇಲೆ ದೇವನಹಳ್ಳಿಯ ಬಳಿ 2008ರಲ್ಲಿ ಆರಂಭವಾದ ಬೆಂಗಳೂರಿನ ವಿಮಾನ ನಿಲ್ದಾಣ. ರಸ್ತೆಯಲ್ಲಿ ಹೆಚ್ಚುಕಡಿಮೆ ನೂರು ಕಿ.ಮೀ. ಇಷ್ಟು ದೂರಕ್ಕೆ ಬಸ್ಸಿಗೆ ಎರಡು ಗಂಟೆಗೂ ಮೇಲೆ ಬೇಕು. ವಿಮಾನವು ಇದನ್ನು ಎಂಟು ನಿಮಿಷಗಳೊಳಗೆ ಕ್ರಮಿಸಬಲ್ಲದು.

ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಬೆಂಗಳೂರುಗಳ ನಡುವೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಹಾರಿದ್ದು 2021ರ ಜನವರಿಯಲ್ಲಿ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಅದನ್ನು ನಡೆಸಿದವರೆಲ್ಲರೂ ಮಹಿಳಾ ಪೈಲಟ್‌ಗಳು. ದೂರ ಸುಮಾರು 14,000 ಕಿ.ಮೀ.; ಹಾರಾಟ ಸುಮಾರು 17 ಗಂಟೆ; ದಾರಿ ಉತ್ತರ ಧ್ರುವದ ಮೇಲೆ.

ಧ್ರುವದ ದಾರಿಯೇಕೆ? ಗೋಡೆಯ ಭೂಪಟ ನೋಡಿದರೆ ಇದು ಸುತ್ತುದಾರಿಯಂತೆ ಕಾಣುತ್ತದೆ. ಶಾಲೆಯ ಭೂಗೋಳದ ಮೇಲೆ ಎರಡೂ ನಗರಗಳಿಗೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ, ಅದು ತಾನಾಗಿಯೇ ಧ್ರುವದ ಸಮೀಪಕ್ಕೆ ಸರಿಯುತ್ತದೆ. ಉರುಟಾದ ಭೂಮಿಯ ಮೇಲೆ ಅತಿ ಹತ್ತಿರದ ದಾರಿ ಅದೇ.

ಇನ್ನೊಂದು ಲೆಕ್ಕವನ್ನೂ ಮಕ್ಕಳು ಮಾಡಬಹುದು. ಆ ವಿಮಾನ ಹೊರಟದ್ದು ಅಲ್ಲಿಯ ಶನಿವಾರ ರಾತ್ರಿ 8.30ರ ಸುಮಾರಿಗೆ, ಇಳಿದದ್ದು ಇಲ್ಲಿಯ ಸೋಮವಾರ ಬೆಳಗಿನ ಜಾವ ಮೂರು ಗಂಟೆ ದಾಟಿದ ಮೇಲೆ. ಗಡಿಯಾರಗಳನ್ನು ನಂಬಿದರೆ 30 ಗಂಟೆಗೂ ಹೆಚ್ಚು. ಚಳಿಗಾಲದಲ್ಲಿ ಎರಡು ಊರುಗಳ ನಡುವಿನ ಅಂತರವಾದ ಹದಿಮೂರೂವರೆ ಗಂಟೆಯನ್ನು ಕಳೆದರೆ ಉಳಿಯುವುದು ನಿಜವಾದ ಪ್ರಯಾಣಕಾಲ.

ಅಜ್ಜಿಯರಿಗೆ ಈ ಲೆಕ್ಕ ಬಾಯಿಪಾಠ. ಇಲ್ಲಿ ರಾತ್ರಿ ಎಂಟಾದರೆ ಅಲ್ಲಿ ಬೆಳಿಗ್ಗೆ ಆರೂವರೆ. ಮೊಮ್ಮಗು ಶಾಲೆಗೆ ಹೊರಡುವ ಮುನ್ನ ನಾಲ್ಕು ಮಾತಾಡಲು ಸಿಗುವ ಹೊತ್ತು. ಮಾತು ಹೇಗೋ ತಲುಪುತ್ತದೆ. ಅಕ್ಷರ ತಲುಪುವುದು ಕಷ್ಟ. ಅಷ್ಟು ದೂರದ ಮಾತೇಕೆ? ಗಡಿ ದಾಟದೆ ಇಲ್ಲಿಯೇ ಬೆಳೆಯುವ ಕನ್ನಡದ ಮನೆಗಳ ಮಕ್ಕಳಿಗೂ, ಶಾಲೆ ಕನ್ನಡದ್ದಲ್ಲದಿದ್ದರೆ, ಓದು ಬರಹ ಅಷ್ಟೇ ದೂರವಾಗುತ್ತದೆ.

ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಸಹೋದರರು ಕಟ್ಟಿಸಿದ ವೀರಭದ್ರ ದೇವಾಲಯದ ಗೋಡೆಗಳಲ್ಲಿ 16ನೆಯ ಶತಮಾನದ ಕನ್ನಡ ಶಾಸನಗಳಿವೆ. ದೇವರಿಗೆ ಬಿಟ್ಟ ದತ್ತಿಯ ವಿವರಗಳು ಅವುಗಳಲ್ಲಿವೆ. ನೇತಾಡುವ ಕಂಬದ ಕೆಳಗೆ ಬಟ್ಟೆ ತೂರಿಸಿ ನೋಡುವ ಪ್ರವಾಸಿಗರು ಅವುಗಳ ಮುಂದೆ ನಿಲ್ಲುವುದು ವಿರಳ. ಕನ್ನಡ ಶಾಲೆಯ ಮಗುವೊಂದು ನಿಂತು, ಬೆರಳಿಟ್ಟು, ತಡವರಿಸುತ್ತಲಾದರೂ ಒಂದೆರಡು ಅಕ್ಷರಗಳನ್ನು ಗುರುತಿಸಬಲ್ಲದು. ರಜೆಗೆಂದು ದೂರದಿಂದ ಬಂದ ಮೊಮ್ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವುದಾದರೆ, ಕಂಬ ತೋರಿಸಿದ ಮೇಲೆ ಆ ಗೋಡೆಯನ್ನೂ ತೋರಿಸಬೇಕು.