ತಾಮ್ರ ಮುಗಿದ ಊರಿನಲ್ಲಿ ತಿಂಗಳಿಗೊಂದು ಸಂಜೆ

ತಿಂಗಳ ಮೊದಲ ಶನಿವಾರ, ಸಂಜೆ ಐದು ಗಂಟೆ. ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಮಿಂಗಸ್ ಬೆಟ್ಟದ ಮೈಗೆ ಗುಬ್ಬಿಗೂಡಿನಂತೆ ಅಂಟಿಕೊಂಡಿರುವ ಜೆರೋಮ್ ಎಂಬ ಪುಟ್ಟ ಊರು. ಬೇರೆ ದಿನಗಳಲ್ಲಿ ಬಾಗಿಲು ಎಳೆದುಕೊಳ್ಳುವ ಹೊತ್ತಿಗೆ ಇಲ್ಲಿನ ಚಿತ್ರಶಾಲೆಗಳು ಅಂದು ದೀಪ ಹಚ್ಚಿಕೊಂಡು ಕಾಯುತ್ತವೆ. ಒಂದು ಕಡೆಯಿಂದ ಗಿಟಾರಿನ ದನಿ, ಮತ್ತೊಂದು ಕಡೆಯಿಂದ ಹಾಡು. ಟಿಕೆಟ್ ಇಲ್ಲ, ಆಹ್ವಾನ ಪತ್ರಿಕೆ ಇಲ್ಲ, ಭಾಷಣವಂತೂ ಇಲ್ಲವೇ ಇಲ್ಲ. ರಾತ್ರಿ ಎಂಟರವರೆಗೆ ಜನ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ನಡೆಯುತ್ತಾರೆ, ನೋಡುತ್ತಾರೆ, ಮಾತನಾಡುತ್ತಾರೆ. ಅದಕ್ಕೆ ಊರಿನವರು ಇಟ್ಟ ಹೆಸರೂ ಅಷ್ಟೇ ಸರಳ: ಆರ್ಟ್ ವಾಕ್.

ನಡಿಗೆಯೆಂದರೆ ಸಮತಟ್ಟಾದ ರಸ್ತೆಯಲ್ಲಿ ಅಡ್ಡಾಡುವುದು ಎಂದುಕೊಳ್ಳಬೇಡಿ. ಸಮುದ್ರಮಟ್ಟದಿಂದ ಐದು ಸಾವಿರ ಅಡಿಗೂ ಹೆಚ್ಚು ಎತ್ತರದ ಕಡಿದಾದ ಇಳಿಜಾರು ಇದು. ಒಂದು ಮನೆಯ ಅಂಗಳದಲ್ಲಿ ನಿಂತರೆ ಕೆಳಗಿನ ಮನೆಯ ಸೂರು ಕಾಲಮಟ್ಟದಲ್ಲಿರುತ್ತದೆ. ಊರು ಪೂರ್ವಕ್ಕೆ ಮುಖ ಮಾಡಿರುವುದರಿಂದ ಸೂರ್ಯ ಬೇಗನೆ ಬೆಟ್ಟದ ಹಿಂದೆ ಇಳಿದುಬಿಡುತ್ತಾನೆ. ಬೀದಿಗೆ ನೆರಳು ಬಿದ್ದರೂ ಕೆಳಗಿನ ವರ್ಡೆ ಕಣಿವೆಯಾಚೆ, ಸೆಡೋನಾದ ಕೆಂಪು ಬಂಡೆಗಳ ಮೇಲೆ ಬಿಸಿಲು ಇನ್ನೂ ಉಳಿದಿರುತ್ತದೆ. ಚಿತ್ರಕಾರರು ಈ ಊರನ್ನೇ ಏಕೆ ಹುಡುಕಿಕೊಂಡು ಬಂದರು ಎಂಬ ಪ್ರಶ್ನೆಗೆ ಆ ನೋಟ ಅರ್ಧ ಉತ್ತರ. ಇನ್ನರ್ಧ ಕಾಲಡಿಯಲ್ಲಿದೆ.

ಕಾಲಡಿಯಲ್ಲಿರುವುದು ಟೊಳ್ಳು ನೆಲ. 1876ರ ಸುಮಾರಿಗೆ ಇಲ್ಲಿ ತಾಮ್ರದ ಗಣಿಗಾರಿಕೆ ಶುರುವಾಯಿತು. ನ್ಯೂಯಾರ್ಕಿನಲ್ಲಿ ಕುಳಿತು ಬಂಡವಾಳ ಹಾಕಿದ ಯೂಜೀನ್ ಜೆರೋಮ್ ಎಂಬುವರ ಹೆಸರು ಊರಿಗೆ ಬಂತು. ಮುಂದೆ ಮುಕ್ಕಾಲು ಶತಮಾನ ಈ ಬೆಟ್ಟ ತಾಮ್ರ, ಚಿನ್ನ, ಬೆಳ್ಳಿ ಕೊಡುತ್ತಲೇ ಹೋಯಿತು. ಬೆಟ್ಟದೊಳಗೆ ಕೊರೆದ ಸುರಂಗಗಳನ್ನು ಒಂದರ ಮುಂದೊಂದು ಇಟ್ಟರೆ ಎಂಬತ್ತು ಮೈಲಿ ಮೀರುತ್ತವೆ! ಕುಲುಮೆಯ ಹೊಗೆಗೆ ಸುತ್ತಲಿನ ಮರಗಿಡ ಸತ್ತವು. ಸಿಡಿಮದ್ದಿನ ಏಟಿಗೆ ಮಣ್ಣು ಸಡಿಲಗೊಂಡು ಕಟ್ಟಡಗಳು ಜಾರತೊಡಗಿದವು. ಊರ ಜೈಲಂತೂ ತನ್ನ ಅಡಿಪಾಯ ಬಿಟ್ಟು ಇನ್ನೂರು ಅಡಿಗೂ ಹೆಚ್ಚು ದೂರ ಜಾರಿ, ರಸ್ತೆ ದಾಟಿ ಕುಳಿತಿದೆ. ಕೈದಿಗಳು ಓಡಿಹೋಗುವುದುಂಟು, ಜೈಲೇ ಹೊರಟುಬಿಟ್ಟ ಊರು ಬಹುಶಃ ಇದೊಂದೇ.

ಒಂದು ಕಾಲಕ್ಕೆ ಇಲ್ಲಿ 15 ಸಾವಿರ ಜನರಿದ್ದರೆಂದು ಪ್ರವಾಸಿಗರಿಗೆ ಹೇಳುತ್ತಾರೆ. ಊರ ಹೆಮ್ಮೆಯ ಲೆಕ್ಕ ಅದು. 1930ರ ಜನಗಣತಿಯ ಲೆಕ್ಕ 4,932. ಅದೇನೇ ಇರಲಿ, 1953ರಲ್ಲಿ ಗಣಿ ಮುಚ್ಚಿತು. ದುಡಿಯಲು ಬಂದವರು ಗಂಟುಮೂಟೆ ಕಟ್ಟಿದರು. 1960ರ ಗಣತಿಯಲ್ಲಿ ಉಳಿದವರು 243 ಮಂದಿ. ಜೆರೋಮ್‌ಗೆ ‘ಭೂತಗಳ ಊರು’ ಎಂಬ ಹೆಸರು ಬಿತ್ತು.

ಉಳಿದವರು ಸುಮ್ಮನೆ ಕೂರಲಿಲ್ಲ. ಗಣಿ ಮುಚ್ಚಿದ ವರ್ಷವೇ ಐತಿಹಾಸಿಕ ಸಂಘವೊಂದನ್ನು ಕಟ್ಟಿ, ಬಿದ್ದುಹೋಗಲಿದ್ದ ಕಟ್ಟಡಗಳನ್ನು ಉಳಿಸಿಕೊಳ್ಳಲು ಹೊರಟರು. ಅರವತ್ತರ ದಶಕದ ಕೊನೆಗೆ, ಎಪ್ಪತ್ತರ ದಶಕದಲ್ಲಿ ಉದ್ದ ಕೂದಲಿನ ಯುವಕ ಯುವತಿಯರು ಬಂದರು. ಮನೆ ಅಗ್ಗ, ಸೂರು ಸೋರುವುದು, ಕಿಟಕಿಗೆ ಗಾಜಿಲ್ಲ. ಅವರೇ ಸುತ್ತಿಗೆ ಹಿಡಿದು ರಿಪೇರಿ ಮಾಡಿಕೊಂಡರು, ಕೆಳಗೆ ಮಡಕೆ ಮಾಡಿದರು, ಮೇಲೆ ಮಲಗಿದರು. ಹಳಬರಿಗೆ ಈ ಹೊಸಬರ ವೇಷ, ರೀತಿ ಹಿಡಿಸದೇ ಇದ್ದದ್ದು ಸಹಜ. ಆದರೆ ಮಾಡು ದುರಸ್ತಿ ಮಾಡುವ ಕೈಗಳು ಆಗ ಬೇರೆ ಎಲ್ಲಿದ್ದವು?

ವಿದ್ಯಾರ್ಥಿಗಳಿಗೆ ಕುತೂಹಲವೆನಿಸುವ ಸಂಗತಿಯೊಂದಿದೆ. ಊರಿನ ಹೈಸ್ಕೂಲು 1972ರಲ್ಲಿ ಇಲ್ಲಿಂದ ಎತ್ತಂಗಡಿಯಾಯಿತು. ಈಗ ಜೆರೋಮ್‌ನ ಮಕ್ಕಳು ಓದಲು ಕಣಿವೆಯ ಕ್ಲಾರ್ಕ್‌ಡೇಲ್, ಕಾಟನ್‌ವುಡ್ ಊರುಗಳಿಗೆ ಇಳಿಯಬೇಕು. ಖಾಲಿಯಾದ ಶಾಲಾ ಕಟ್ಟಡಗಳ ಕೋಣೆಗಳಲ್ಲಿ ಇಂದು ಕಲಾವಿದರ ಕೆಲಸದ ಮನೆಗಳಿವೆ. ಆರ್ಟ್ ವಾಕ್‌ನ ಸಂಜೆ ಆ ಕೋಣೆಗಳಿಗೂ ಹೋಗಬಹುದು. ಗಂಟೆ ಹೊಡೆಯುವವರಿಲ್ಲ, ಹಾಜರಿ ಇಲ್ಲ, ಪ್ರಶ್ನೆ ಕೇಳುವ ಸರದಿ ಮಾತ್ರ ಬಂದವರದ್ದು. ಈ ಬಣ್ಣ ಹೇಗೆ ಬಂತು, ಎಷ್ಟು ದಿನ ಹಿಡಿಯಿತು, ಕೆಟ್ಟುಹೋದರೆ ಏನು ಮಾಡುತ್ತೀರಿ? ಮಾಡಿದವರೇ ಎದುರಿಗಿರುವಾಗ ಕೇಳುವುದಕ್ಕೆ ಸಂಕೋಚವೇಕೆ! ದೊಡ್ಡ ನಗರಗಳ ವಸ್ತುಸಂಗ್ರಹಾಲಯದಲ್ಲಿ ಚಿತ್ರದ ಪಕ್ಕ ಚೀಟಿ ಇರುತ್ತದೆ, ಚಿತ್ರಕಾರ ಇರುವುದಿಲ್ಲ.

ಹಳೆಯ ಹೋಟೆಲ್ ಕಟ್ಟಡದಲ್ಲಿ ಕಲಾವಿದರದೇ ಸಹಕಾರಿ ಮಳಿಗೆಯೊಂದಿದೆ. ಸದಸ್ಯರೇ ಸರದಿಯ ಮೇಲೆ ಗಲ್ಲಾದಲ್ಲಿ ಕೂರುತ್ತಾರೆ. ರಸೀತಿ ಬರೆದುಕೊಡುವವರು ಗೋಡೆಯ ಮೇಲಿನ ಚಿತ್ರ ಬರೆದವರೇ ಇರಬಹುದು. ಕೆಲಿಡೋಸ್ಕೋಪ್ ಮಾರುವ ಅಂಗಡಿಯೂ ಇದೆ. ಬಳೆಚೂರು ತುಂಬಿದ ಕೊಳವೆಗೆ ಕಣ್ಣಿಟ್ಟು ತಿರುಗಿಸಿದ ನೆನಪಿರುವ ಹಿರಿಯರು ಅಲ್ಲಿಂದ ಬೇಗ ಹೊರಬರಲಾರರು. ಪಾಳುಬಿದ್ದ ಬಾರ್ಟ್‌ಲೆಟ್ ಹೋಟೆಲಿನ ಕಂಬಿಗಳಾಚೆಯಿರುವ ಹಳೆಯ ಕಕ್ಕಸಿನತ್ತ ಜನ ಗುರಿಯಿಟ್ಟು ನಾಣ್ಯ ಎಸೆಯುತ್ತಾರೆ. ನಗೆಪಾಟಲಿನ ಆಟ, ನಿಜ. ಆದರೆ ಆ ಚಿಲ್ಲರೆ ಸೇರುವುದು ಐತಿಹಾಸಿಕ ಸಂಘಕ್ಕೆ, ಊರನ್ನು ಉಳಿಸುವ ಕೆಲಸಕ್ಕೆ.

‘ಚಿತ್ರ ಬರೆದರೆ ಹೊಟ್ಟೆ ತುಂಬುತ್ತದೆಯೇ?’ ಎಂದು ಮಗಳನ್ನು ಕೇಳುವ ತಂದೆತಾಯಿಯರು ಜೆರೋಮ್‌ನಲ್ಲೂ ಖಚಿತ ಉತ್ತರ ನಿರೀಕ್ಷಿಸಬಾರದು. ತುಂಬುವ ತಿಂಗಳಿದೆ, ತುಂಬದ ತಿಂಗಳೂ ಇದೆ. ಆದರೆ ಲೆಕ್ಕ ಹಾಕಬೇಕಾದದ್ದು ಇನ್ನೊಂದಿದೆ. ಗಣಿಯಿಂದ ಹೋದ ಅದಿರು ಮತ್ತೆ ಬೆಳೆಯಲಿಲ್ಲ. ಮಡಕೆ, ಚಿತ್ರ, ಹಾಡು ಮಾತ್ರ ತಿಂಗಳು ತಿಂಗಳೂ ಹೊಸದಾಗಿ ಹುಟ್ಟುತ್ತಿವೆ. 2020ರ ಗಣತಿಯ ವೇಳೆಗೆ ಊರಿನಲ್ಲಿ 464 ಜನರಿದ್ದರು.

ಈಗಿನ ಸಂಕಟ ಬೇರೆ ಬಗೆಯದು. ಊರು ಚೆಂದವಾದಂತೆ ಮನೆಯ ಬೆಲೆ ಏರಿತು. ಹಲವು ಮನೆಗಳು ವಾರಾಂತ್ಯಕ್ಕೆ ಬರುವವರ ಬಾಡಿಗೆ ತಂಗುದಾಣಗಳಾದವು. ಪಟ್ಟಣಗಳು ಇಂಥ ಬಾಡಿಗೆಯನ್ನು ನಿಷೇಧಿಸುವಂತಿಲ್ಲ ಎಂದು ಅರಿಜೋನಾ ರಾಜ್ಯ 2016ರಲ್ಲಿ ಕಾನೂನು ಮಾಡಿದೆ. ಹಾಳು ಮನೆಗೆ ಜೀವ ತುಂಬಿದವರ ಮುಂದಿನ ಪೀಳಿಗೆಗೆ ಆ ಮನೆಯ ಬಾಡಿಗೆಯೇ ಎಟುಕದ ಹಣ್ಣು.

ಎಂಟು ಗಂಟೆಗೆ ಹಾಡು ನಿಲ್ಲುತ್ತದೆ. ಚಿತ್ರಶಾಲೆಗಳ ದೀಪಗಳು ಒಂದೊಂದಾಗಿ ಆರುತ್ತವೆ. ಕಾರುಗಳ ಸಾಲು ಬೆಟ್ಟದ ತಿರುವುಗಳಲ್ಲಿ ಕಾಟನ್‌ವುಡ್‌ನತ್ತ ಇಳಿಯುತ್ತದೆ. ಅವುಗಳಲ್ಲಿ ಕೆಲವು ನೋಡಲು ಬಂದವರವು. ಕೆಲವು, ಆಗಷ್ಟೇ ಬಾಗಿಲಿಗೆ ಬೀಗ ಹಾಕಿ ಮನೆಗೆ ಹೊರಟ ಕಲಾವಿದರವು.