ಕಾಂಪೌಂಡಿನ ಆಚೀಚೆ ಒಬ್ಬನೇ ರಾಜ

ನಾನು ಬೆಳೆದದ್ದು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ. ಕಾಂಪೌಂಡಿನ ಈಚೆ ಕನ್ನಡ, ಆಚೆ ತಮಿಳು, ನಲ್ಲಿಯ ಹತ್ತಿರ ಬಿಂದಿಗೆ ಜಗಳವೆಲ್ಲ ತೆಲುಗಿನಲ್ಲಿ. ಪಕ್ಕದ ಮನೆಯ ಮಾಮ ಶಿಫ್ಟು ಮುಗಿಸಿ ಬಂದು ಟೇಪ್‌ರೆಕಾರ್ಡರ್ ಹಚ್ಚಿದರೆ ನಮ್ಮ ಮನೆಯ ಒಗ್ಗರಣೆಯೂ ಅದರ ತಾಳಕ್ಕೇ ಸಿಡಿಯುತ್ತಿತ್ತು. ಒಂದು ದಿನ ಅವರು ಹಾಕಿದ 'ನೂರಾವದು ನಾಳ್' ಚಿತ್ರದ ಹಾಡಿಗೆ ಅಮ್ಮ ಸೌಟು ಹಿಡಿದೇ ಹೊರಗೆ ಬಂದಳು.

"ಇದು ನಮ್ಮ ಶಂಕರ್‌ನಾಗ್ ಹಾಡಲ್ವಾ? ಕದ್ದುಬಿಟ್ಟಿದ್ದಾರಲ್ರೀ!"

"ಅಯ್ಯೋ ಇಲ್ಲಮ್ಮಾ, ನಿಮ್ಮೋರೇ ನಮ್ಮದು ತಗೊಂಡಿರೋದು" ಎಂದರು ಮಾಮ.

ಲೆಕ್ಕ ಅಮ್ಮನದೇ ಸರಿ. ಆ ಹಾಡಿದ್ದ ಶಂಕರ್‌ನಾಗ್ ಚಿತ್ರ 'ಗೀತಾ' ಬಂದದ್ದು 1981ರಲ್ಲಿ, ಆ ತಮಿಳು ಚಿತ್ರ 1984ರಲ್ಲಿ. ಆದರೆ ಎರಡಕ್ಕೂ ಸಂಗೀತ ಇಳಯರಾಜ ಅವರದೇ! ತನ್ನ ಜೇಬಿಗೆ ತಾನೇ ಕೈಹಾಕಿದವರ ಮೇಲೆ ಯಾವ ಠಾಣೆಯಲ್ಲಿ ದೂರು ಕೊಡುವುದು? ಅದೇ ರಾಗ 2007ರಲ್ಲಿ 'ಚೀನಿ ಕಮ್' ಚಿತ್ರದಲ್ಲಿ ಹಿಂದಿಯನ್ನೂ ಮಾತಾಡಿತು.

ಅಮ್ಮ 'ನಮ್ಮ' ಎಂದದ್ದರಲ್ಲಿ ಇನ್ನೊಂದು ನ್ಯಾಯವೂ ಇತ್ತು. ತೇನಿ ಸೀಮೆಯ ಪಣ್ಣೈಪುರದಲ್ಲಿ ಹುಟ್ಟಿ, ಅಣ್ಣ ಪಾವಲರ್ ವರದರಾಜನ್ ಅವರ ತಂಡದೊಂದಿಗೆ ಊರೂರು ಸುತ್ತಿ ಹಾರ್ಮೋನಿಯಂ ನುಡಿಸಿದ ಹುಡುಗ ಇಳಯರಾಜ ಮದರಾಸಿಗೆ ಬಂದು ಧನರಾಜ್ ಮಾಸ್ತರರ ಹತ್ತಿರ ಪಾಶ್ಚಾತ್ಯ ಸಂಗೀತ ಕಲಿತ. ಸಿನಿಮಾದ ಕಸುಬು ಕಲಿತದ್ದು ಮಾತ್ರ ನಮ್ಮ ಜಿ.ಕೆ. ವೆಂಕಟೇಶ್ ಅವರ ಕೈಕೆಳಗೆ. 'ಕಸ್ತೂರಿ ನಿವಾಸ', 'ಬಂಗಾರದ ಮನುಷ್ಯ'ದ ವೆಂಕಟೇಶ್ ಧಾಟಿ ಕೂರಿಸಿದರೆ ಅದಕ್ಕೆ ವಾದ್ಯಗಳನ್ನು ಹೊಂದಿಸುವ ಕೆಲಸ ಈ ಸಹಾಯಕನದು. ಬಿಡುವಿನಲ್ಲಿ ಅದೇ ವಾದ್ಯಗಾರರನ್ನು ಪುಸಲಾಯಿಸಿ, ತಾನು ಬರೆದ ಸ್ವರಗಳನ್ನು ಅವರಿಂದ ನುಡಿಸಿ ನೋಡುತ್ತಿದ್ದನಂತೆ. ಟೀ ಕುಡಿಯುವ ಹೊತ್ತನ್ನೂ ಬಿಡದ ಸಹಾಯಕನನ್ನು ಆ ವಾದ್ಯಗಾರರು ಹೇಗೆ ಸಹಿಸಿಕೊಂಡರೋ!

1976ರಲ್ಲಿ ಅವರದೇ ಸಂಗೀತದ 'ಅನ್ನಕ್ಕಿಳಿ' ಚಿತ್ರ ಬಂತು. ಹೊಲದ ಹಾಡಿನ ಗುಣವೂ ಪಾಶ್ಚಾತ್ಯ ವಾದ್ಯಮೇಳವೂ ಒಂದೇ ಪಂಕ್ತಿಯಲ್ಲಿ ಕೂತವು. ಆಮೇಲಿನದು ಎಲ್ಲರಿಗೂ ಗೊತ್ತು: ಸಾವಿರ ದಾಟಿದ ಚಿತ್ರಗಳು, ಐದು ರಾಷ್ಟ್ರಪ್ರಶಸ್ತಿ, 2018ರಲ್ಲಿ ಪದ್ಮವಿಭೂಷಣ.

ಸಂಖ್ಯೆಗಳಿಂದ ನನಗೇನೂ ರೋಮಾಂಚನವಾಗುವುದಿಲ್ಲ. ಅವರು ಪ್ರತಿ ವಾದ್ಯದ ಪಾಲನ್ನೂ ಕಾಗದದ ಮೇಲೆ ಬರೆದುಕೊಡುತ್ತಾರೆ ಎಂಬುದು ನನಗೆ ದೊಡ್ಡದು. ಮೇಳದ ಒಟ್ಟು ನಾದ ಬೇರೆ ಯಾರ ಕಿವಿಗೂ ಬೀಳುವ ಮೊದಲೇ ಅವರ ತಲೆಯಲ್ಲಿ ಪೂರ್ತಿಯಾಗಿರುತ್ತದೆ. ಹಾಡುಗಳಿಗಿಂತ ಅವರ ಹಿನ್ನೆಲೆ ಸಂಗೀತವೇ ಮೇಲು ಎಂದು ನಾನು ವಾದಿಸುತ್ತೇನೆ, ನನ್ನ ತಮ್ಮ ಒಪ್ಪುವುದಿಲ್ಲ. ಮಣಿರತ್ನಂ ತಮ್ಮ ಮೊದಲ ಚಿತ್ರವನ್ನು ಕನ್ನಡದಲ್ಲಿ ಮಾಡಿದರು, 1983ರ 'ಪಲ್ಲವಿ ಅನುಪಲ್ಲವಿ'. ಅದಕ್ಕೆ ಇಳಯರಾಜ ಕೊಟ್ಟ ಸಂಗೀತದ ಒಂದು ತುಣುಕು ಎಷ್ಟೋ ವರ್ಷಗಳ ನಂತರ ಐಡಿಯಾ ಮೊಬೈಲ್ ಜಾಹೀರಾತಿಗೆ ಬಂದಾಗ, ಕನ್ನಡ ಚಿತ್ರದ ಹೆಸರನ್ನೇ ಕೇಳದವರೂ ಗುನುಗಿದರು. ಚಿತ್ರದ ಕತೆ ನನಗೆ ಈಗ ಅರ್ಧ ಮರೆತಿದೆ, ಆ ಗಿಟಾರ್ ಮರೆತಿಲ್ಲ.

2025ರ ಮಾರ್ಚ್‌ನಲ್ಲಿ, 81ರ ವಯಸ್ಸಿನಲ್ಲಿ, ಲಂಡನ್ನಿಗೆ ಹೋಗಿ ತಮ್ಮ ಸಿಂಫನಿ 'ವೇಲಿಯಂಟ್' ನುಡಿಸಿಬಂದರು. ಅದನ್ನು ಕೇಳುವ ಮುಂಚೆ ನೀವೊಂದು ಕೆಲಸ ಮಾಡಿ. 'ಗೀತಾ' ಹಾಡುಗಳನ್ನು ಇಯರ್‌ಫೋನಿನಲ್ಲಿ ಹಾಕಿಕೊಂಡು, ಎಸ್‌ಪಿಬಿ, ಜಾನಕಿ ಇಬ್ಬರ ದನಿಯನ್ನೂ ಪಕ್ಕಕ್ಕಿಟ್ಟು, ಬೇಸ್ ಗಿಟಾರ್ ಒಂದನ್ನೇ ಹಿಂಬಾಲಿಸಿ.