ಐದು ಸೆಂಟಿಮೀಟರಿನ ಘಾಟಿ

ಏಣಿ ಜಾರಿತು. ಕಾಳುಮೆಣಸು ಕೊಯ್ಯುತ್ತಿದ್ದವನು ಸಿಲ್ವರ್ ಓಕ್ ಮರದಿಂದ ಬಿದ್ದ. ತೊಡೆಮೂಳೆ ಮುರಿಯಿತು. ಬಣಕಲ್‌ನಿಂದ ಆಂಬುಲೆನ್ಸ್ ಹೊರಟಿತು. ಕೊಟ್ಟಿಗೆಹಾರ ದಾಟಿತು, ಮಂಜು ಸೀಳಿ ಚಾರ್ಮಾಡಿ ಇಳಿಯಿತು, ಮಂಗಳೂರು ಮುಟ್ಟಿತು. ಸುಗ್ಗಿಯಲ್ಲಿ ಇಂಥವರು ನಮ್ಮ ಕಡೆ ಇದ್ದೇ ಇರುತ್ತಾರೆ. ಘಾಟಿ ಮುಗಿಯಿತು ಅಂದುಕೊಂಡಿರಾ? ಇನ್ನೊಂದಿದೆ. ಆಳ ಸುಮಾರು ಐದು ಸೆಂಟಿಮೀಟರ್.

ಆಪರೇಷನ್ನಿಗೆ ಮುನ್ನ ಬೆನ್ನಿಗೆ ಅರಿವಳಿಕೆ. ಡಾಕ್ಟರು ಮಗ್ಗುಲಾಗಿ ಮಲಗಿಸಿ ಬೆನ್ನು ಬಾಗಿಸುತ್ತಾರೆ. 18 ಗೇಜಿನ ಟೂಹಿ ಎಂಬ ದಪ್ಪ ಸೂಜಿ ಚರ್ಮ ಚುಚ್ಚುತ್ತದೆ, ಕೊಬ್ಬು ದಾಟುತ್ತದೆ, ಗಡುಸು ಲಿಗಮೆಂಟಿಗೆ ನುಗ್ಗುತ್ತದೆ. ಏನೂ ಕಾಣದು. ಸಿರಿಂಜ್ ಒತ್ತುವ ಹೆಬ್ಬೆರಳೇ ಕಣ್ಣು. ಒತ್ತು, ತಡೆ. ಒತ್ತು, ತಡೆ. ಥಟ್ಟನೆ ತಡೆ ಮಾಯ! ಬೆನ್ನುಹುರಿಯ ಡ್ಯೂರಾ ಪೊರೆಯ ಹೊರಗಿನ ಎಪಿಡ್ಯೂರಲ್ ಜಾಗ ಸಿಕ್ಕಿತು. ಕೆಲವೇ ಮಿಲಿಮೀಟರ್ ಜಾರಿದರೆ ದಪ್ಪ ಸೂಜಿ ಡ್ಯೂರಾ ಪೊರೆ ತೂತು ಮಾಡುತ್ತದೆ, ಒಳಗಿನ ನೀರು ಸೋರಿ ತಲೆನೋವು ಹಿಡಿಯುತ್ತದೆ. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ತನ್ನ ಬೆನ್ನನ್ನೇ ಪ್ರಯೋಗಕ್ಕೊಡ್ಡಿ ಒಂಬತ್ತು ದಿನ ತಲೆನೋವು ಅನುಭವಿಸಿದ.

ಈಗ ಅದೇ ಸೂಜಿಯೊಳಗಿಂದ 27 ಗೇಜಿನ ಸಪೂರ ಸೂಜಿ. ಇದು ಬೇಕೆಂದೇ ಪೊರೆ ಚುಚ್ಚುತ್ತದೆ. ನೀರಹನಿ ಇಣುಕಿತು. ಮದ್ದು ಹೊಕ್ಕಿತು. ಕಾಲು ಬೆಚ್ಚಗಾಯಿತು. ಗಡಿಯಾರ ಓಡತೊಡಗಿತು!

ಈ ಮದ್ದಿನ ಆಯುಸ್ಸು ಒಂದೆರಡು ಗಂಟೆ. ಆಮೇಲೂ ಮದ್ದು ಬಿಡುತ್ತಿರಲು ಕ್ಯಾಥೆಟರ್, ಅಂದರೆ ಸಪೂರ ಕೊಳವೆ, ಬೇಕು. (1947ರಲ್ಲಿ ಹವಾನಾದ ಮಾರ್ಟಿನೆಜ್ ಕುರ್ಬೆಲೊ ಮೂತ್ರನಾಳಕ್ಕೆ ಹಾಕುವ ಕೊಳವೆಯನ್ನೇ ಇಲ್ಲಿ ತೂರಿಸಿದ್ದ. ಎದೆಗಾರ!) ಸಪೂರ ಸೂಜಿ ತೆಗೆದು, ದಪ್ಪ ಸೂಜಿಯೊಳಗಿಂದ ತೂರಿಸಿದರು. ಹೋಗದು. ಬಿಪಿ ಇಳಿಯುತ್ತಿದೆ. ಮದ್ದು ಕೆಳಮಗ್ಗುಲಿಗೇ ಇಳಿದು ಕೂರುತ್ತಿದೆ. ಕ್ಯಾಥೆಟರನ್ನು ತುಸು ಹಿಂದಕ್ಕೆಳೆದು ನೋಡುವುದೇ?

ಕೂಡದು! ಸೂಜಿಯ ಹರಿತ ತುದಿ ಕ್ಯಾಥೆಟರನ್ನು ಕತ್ತರಿಸಿದರೆ ತುಂಡು ಬೆನ್ನಲ್ಲೇ ಉಳಿಯುತ್ತದೆ. ಮಂಜು ಕವಿದ ಚಾರ್ಮಾಡಿ ತಿರುವಿನಲ್ಲಿ ರಿವರ್ಸ್ ಹಾಕುವವನು ಡ್ರೈವರೇ ಅಲ್ಲ. ತೆಗೆದರೆ ಸೂಜಿ, ಕ್ಯಾಥೆಟರ್ ಎರಡೂ ಒಟ್ಟಿಗೆ.

ಮತ್ತೆ ಚುಚ್ಚಿದರು. ಹೊಕ್ಕಿತು. ಒಳಗೆ ನಾಲ್ಕು ಸೆಂಟಿಮೀಟರ್ ಸಾಕು. ಅತಿಯಾದರೆ ಸುತ್ತಿಕೊಂಡು ಗಂಟು ಬೀಳುತ್ತದೆ. ಸಿರಿಂಜ್ ಎಳೆದರು. ರಕ್ತ!

ರಕ್ತನಾಳ ಹೊಕ್ಕಿದೆ. ಇಲ್ಲಿ ಪೂರ್ತಿ ಮದ್ದು ಬಿಟ್ಟರೆ ಫಿಟ್ಸ್ ಬಂದೀತು, ಹೃದಯ ನಿಂತೀತು. ಕಿತ್ತರು, ಇನ್ನೊಂದು ಸಂದು ಹುಡುಕಿದರು. ಈ ಸಲ ರಕ್ತವಿಲ್ಲ, ನೀರೂ ಇಲ್ಲ. ಆದರೂ ನಂಬುವಂತಿಲ್ಲ. ಮೂರು ಮಿಲಿಲೀಟರ್ ಪರೀಕ್ಷೆಯ ಮದ್ದು, ಅದರಲ್ಲಿ 15 ಮೈಕ್ರೋಗ್ರಾಂ ಅಡ್ರಿನಲಿನ್. ರಕ್ತನಾಳ ಹೊಕ್ಕಿದ್ದರೆ ನಾಡಿ ಜಿಗಿಯಬೇಕು. ಜಿಗಿಯಿತೇ? ಇಲ್ಲ. ಪೊರೆಯೊಳಗೆ ಜಾರಿದೆಯೇ? ಕಾಲು ಆಗಲೇ ಜೋಮು ಹಿಡಿದಿದೆ, ಪರೀಕ್ಷೆ ಬಾಯಿ ಬಿಡದು. ಹಾಗಾಗಿ ಚೂರುಚೂರೇ ಮದ್ದು, ಕಣ್ಣು ಮಾನಿಟರಿನ ಮೇಲೆ. ನನ್ನ ಮಟ್ಟಿಗೆ ಇಡೀ ಆಪರೇಷನ್ನಿನಲ್ಲಿ ಗಟ್ಟಿ ಗುಂಡಿಗೆಯ ಕೆಲಸ ಇದೇ.

ಮೂಳೆಗೆ ರಾಡ್ ಬಿತ್ತು. ಕೆಲ ದಿನಗಳ ನಂತರ ಕ್ಯಾಥೆಟರ್ ಮೆಲ್ಲಗೆ ಹೊರಬಂತು. ತುದಿ ಇಡಿಯಾಗಿದೆಯೇ ಎಂದು ನೋಡಿದರು.

ನಿಮಗೂ ಇಂಥ ಸೂಜಿ ಚುಚ್ಚುವುದಿದ್ದು, ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಕ್ಯಾಥೆಟರ್ ತೆಗೆದ ಮೇಲೆ ಬೆನ್ನು ಸೀಳುವಂತೆ ನೋವೆದ್ದು ಕಾಲು ಮತ್ತೆ ಸೋತರೆ, ರಕ್ತ ಹೆಪ್ಪುಗಟ್ಟಿ ನರ ಒತ್ತುತ್ತಿರಬಹುದು. ಬೆಳಗಾಗಲಿ ಎಂದು ಕಾಯಬೇಡಿ, ಆ ಕ್ಷಣವೇ ಡಾಕ್ಟರನ್ನು ಕರೆಸಿ.